ಕಾನೂನಿನ ಪದಕ್ಕೆ ಅರ್ಥ ಕೊಡುವವರು ಯಾರು? ಏಳು ತಪ್ಪು ಕಲ್ಪನೆಗಳು, ಏಳು ವಾಸ್ತವಗಳು

ಕಾನೂನಿನ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, "ಕಾಯ್ದೆಯಲ್ಲಿ ಬರೆದದ್ದು ಬರೆದ ಹಾಗೇ, ಅದರಲ್ಲಿ ವಾದಕ್ಕೆ ಜಾಗವಿಲ್ಲ" ಎನ್ನುವುದು. ಇನ್ನೊಂದು, "ಅಧಿಕಾರದಲ್ಲಿರುವವರು ಹೇಗೆ ಬೇಕಾದರೂ ತಿರುಚಿ ಹೇಳುತ್ತಾರೆ, ಕಾನೂನು ಎಂಬುದೇ ಇಲ್ಲ" ಎನ್ನುವುದು. ವಿಚಿತ್ರವೆಂದರೆ ಒಬ್ಬರೇ ವ್ಯಕ್ತಿ ಗೆದ್ದಾಗ ಮೊದಲನೆಯದನ್ನೂ ಸೋತಾಗ ಎರಡನೆಯದನ್ನೂ ಹೇಳುತ್ತಾರೆ. ಎರಡೂ ಮಾತು ನಾಗರಿಕರಿಗೆ ಹಾನಿಕರ. ಮೊದಲನೆಯದನ್ನು ನಂಬಿದವರು ತಮ್ಮ ಮೇಲೆ ಹೇರಿದ ಅರ್ಥವನ್ನು ಪ್ರಶ್ನಿಸುವುದಿಲ್ಲ. ಎರಡನೆಯದನ್ನು ನಂಬಿದವರು ಪ್ರಶ್ನಿಸಿ ಪ್ರಯೋಜನವಿಲ್ಲ ಎಂದು ಸುಮ್ಮನಾಗುತ್ತಾರೆ.

ಪದಗಳು ಜಾರುತ್ತವೆ, ಅವುಗಳಿಗೆ ಅರ್ಥ ಹೇಳುವ ಅಧಿಕಾರವೂ ಕೈಯಿಂದ ಕೈಗೆ ಹೋಗುತ್ತದೆ. ಇದು ನಿಜ. ಆದರೆ ಅರ್ಥ ಹೇಳುವವರು ಬಹಿರಂಗವಾಗಿ ಕಾರಣ ಕೊಡಬೇಕು, ಆ ಕಾರಣವನ್ನು ಇನ್ನೊಬ್ಬರು ಪರೀಕ್ಷಿಸಬಹುದು ಎಂಬ ಕಟ್ಟಳೆ ಇರುವವರೆಗೆ ಕಾನೂನು ಬದುಕಿರುತ್ತದೆ. ನಮ್ಮ ದೇಶದ ಕೆಲವು ಮೊಕದ್ದಮೆಗಳೇ ಇದಕ್ಕೆ ಸಾಕ್ಷಿ. ಅವುಗಳಲ್ಲಿ ಹಲವು ಕರ್ನಾಟಕದವೇ.

ತಪ್ಪು ಕಲ್ಪನೆ 1: ಪದದ ಅರ್ಥ ತಿಳಿಯದಿದ್ದರೆ ನಿಘಂಟು ನೋಡಿದರೆ ಸಾಕು.

ವಾಸ್ತವ: ವೀಳ್ಯದೆಲೆ ತರಕಾರಿಯೇ? ಅಕೋಲಾದ ವೀಳ್ಯದೆಲೆ ವ್ಯಾಪಾರಿಗಳು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್‌ವರೆಗೆ ಒಯ್ದಿದ್ದರು. ತರಕಾರಿಗೆ ಮಾರಾಟ ತೆರಿಗೆ ವಿನಾಯಿತಿ ಇತ್ತು. ಗಿಡಮೂಲದ್ದೆಲ್ಲ ತರಕಾರಿ ಎಂಬ ವಿಶಾಲ ಅರ್ಥ ನಿಘಂಟಿನಲ್ಲೂ ಸಿಗುತ್ತಿತ್ತು. 1961ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಸ್ಯಶಾಸ್ತ್ರ ಏನೇ ಹೇಳಲಿ, ಅಡುಗೆಗೆ ಬಳಸುವ ಜನ, ಮಾರುವ ವ್ಯಾಪಾರಿ ಯಾವುದನ್ನು ತರಕಾರಿ ಎನ್ನುತ್ತಾರೋ ಅದೇ ತೆರಿಗೆ ಕಾನೂನಿನ ತರಕಾರಿ ಎಂದಿತು. ವೀಳ್ಯದೆಲೆ ಆ ಪಟ್ಟಿಯಿಂದ ಹೊರಗುಳಿಯಿತು.

ಹಾಗೆಂದು ಜನರ ಬಳಕೆಯೂ ಎಲ್ಲ ಕಡೆ ಅಂತಿಮವಲ್ಲ. ಸಣ್ಣ ಪೊಟ್ಟಣದಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ, ತಲೆಗೆ ಹಚ್ಚುವ ಎಣ್ಣೆಯೋ ಎಂಬ ಅಬಕಾರಿ ಸುಂಕದ ವ್ಯಾಜ್ಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಮೂವರ ಪೀಠ ಅದನ್ನು ಇತ್ಯರ್ಥಪಡಿಸಿತು. ಪೊಟ್ಟಣ ಸಣ್ಣದು ಎಂಬ ಒಂದೇ ಕಾರಣಕ್ಕೆ ಅದು ಕೇಶತೈಲವಾಗುವುದಿಲ್ಲ, ಲೇಬಲ್ ಮತ್ತು ಪ್ಯಾಕಿಂಗ್ ಕೇಶತೈಲಕ್ಕೆಂದೇ ಇದ್ದರೆ ಮಾತ್ರ ಹಾಗೆ ಪರಿಗಣಿಸಬೇಕು ಎಂದಿತು. ಆ ಎಣ್ಣೆಯನ್ನು ಮನೆಯಲ್ಲಿ ಎರಡಕ್ಕೂ ಬಳಸುವ ಕರಾವಳಿಯವರಿಗೆ ಈ ವಿವಾದದ ತೊಡಕು ಚೆನ್ನಾಗಿ ಅರ್ಥವಾಗುತ್ತದೆ. ಪದ ಯಾವ ಕಾಯ್ದೆಯಲ್ಲಿದೆ, ಯಾವ ಉದ್ದೇಶಕ್ಕಿದೆ, ಅಕ್ಕಪಕ್ಕದಲ್ಲಿ ಯಾವ ಪದಗಳಿವೆ ಎಂಬುದೆಲ್ಲ ಸೇರಿ ಅರ್ಥ ನಿಲ್ಲುತ್ತದೆ.

ತಪ್ಪು ಕಲ್ಪನೆ 2: ಕಾಯ್ದೆಯಲ್ಲೇ ವ್ಯಾಖ್ಯೆ ಕೊಟ್ಟಿದ್ದರೆ ಗೊಂದಲ ಉಳಿಯುವುದಿಲ್ಲ.

ವಾಸ್ತವ: 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ "ಕೈಗಾರಿಕೆ" ಎಂಬುದಕ್ಕೆ ವ್ಯಾಖ್ಯೆ ಇತ್ತು. ವ್ಯವಹಾರ, ವ್ಯಾಪಾರ, ಉದ್ಯಮ, ತಯಾರಿಕೆ, ಕಸುಬು, ಸೇವೆ ಎಲ್ಲವೂ ಅದರೊಳಗಿದ್ದವು. ವ್ಯಾಖ್ಯೆ ಎಷ್ಟು ವಿಶಾಲವಾಗಿತ್ತೋ ಜಗಳವೂ ಅಷ್ಟೇ ದೊಡ್ಡದಾಯಿತು. 1960ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಆಸ್ಪತ್ರೆ ಕೈಗಾರಿಕೆ ಎಂದಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಅದೇ ಕೋರ್ಟ್ ಅಲ್ಲ ಎಂದಿತು. ಈ ನಡುವೆ ಸಾಲಿಸಿಟರ್‌ಗಳ ಸಂಸ್ಥೆ, ವಿಶ್ವವಿದ್ಯಾಲಯ, ಕ್ಲಬ್ ಒಂದೊಂದಾಗಿ ಹೊರಗುಳಿದವು.

ಗಂಟು ಬಿಡಿಸಲು ಕಾರಣವಾದದ್ದು ಬೆಂಗಳೂರಿನ ಜಲಮಂಡಳಿಯ ಮೊಕದ್ದಮೆ. ದುರ್ನಡತೆಯ ಆರೋಪದ ಮೇಲೆ ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ಸಹಜ ನ್ಯಾಯದ ನಿಯಮ ಪಾಲಿಸದೆ ದಂಡ ಹಾಕಿದ್ದಾರೆಂದು ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನೀರು ಕೊಡುವುದು ಸರ್ಕಾರದ ಸ್ವರೂಪದ ಕೆಲಸ, ತಾನು ಕೈಗಾರಿಕೆಯೇ ಅಲ್ಲ, ಆದ್ದರಿಂದ ಈ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು ಮಂಡಳಿ ವಾದಿಸಿತು. ದಂಡ ಸರಿಯೇ ತಪ್ಪೇ ಎಂಬ ಪ್ರಶ್ನೆ ಏಳುವ ಮೊದಲೇ ಒಂದು ಪದದ ಅರ್ಥ ಬಾಗಿಲಲ್ಲಿ ಅಡ್ಡ ನಿಂತಿತ್ತು.

1978ರ ಫೆಬ್ರುವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತದ ಪ್ರಮುಖ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ವ್ಯವಸ್ಥಿತ ಚಟುವಟಿಕೆ ಇದ್ದು, ಮಾಲೀಕ ಮತ್ತು ನೌಕರರ ಸಹಕಾರದಿಂದ ನಡೆದು, ಜನರ ಅಗತ್ಯ ಪೂರೈಸುವ ವಸ್ತು ಅಥವಾ ಸೇವೆ ಒದಗಿಸುವುದೆಲ್ಲ ಕೈಗಾರಿಕೆ. ಲಾಭದ ಉದ್ದೇಶ ಇರಲೇಬೇಕೆಂದಿಲ್ಲ ಎಂಬುದು ಅದರ ಸಾರ. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಸ್ಥಳೀಯ ಸಂಸ್ಥೆಗಳ ನೌಕರರಿಗೆ ಕಾರ್ಮಿಕ ಕಾನೂನಿನ ಬಾಗಿಲು ತೆರೆಯಿತು.

ಅಲ್ಲಿಗೂ ಮುಗಿಯಲಿಲ್ಲ. 1982ರಲ್ಲಿ ಸಂಸತ್ತು ವ್ಯಾಖ್ಯೆಯನ್ನು ತಿದ್ದಿ ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟಿತು. ಆದರೆ ಆ ತಿದ್ದುಪಡಿಯನ್ನು ಜಾರಿಗೆ ತರುವ ಅಧಿಸೂಚನೆಯನ್ನು ಯಾವ ಸರ್ಕಾರವೂ ಹೊರಡಿಸಲಿಲ್ಲ. 2005ರಲ್ಲಿ ಐವರ ಪೀಠ 1978ರ ತೀರ್ಪನ್ನು ಮರುಪರಿಶೀಲಿಸಬೇಕೆಂದಿತು, 2017ರಲ್ಲಿ ವಿಷಯವನ್ನು ಒಂಬತ್ತು ಮಂದಿಯ ಪೀಠಕ್ಕೆ ಒಪ್ಪಿಸಲಾಯಿತು. 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹೊಸ ವ್ಯಾಖ್ಯೆ ತಂದಿತು. ಅದು ಧರ್ಮಾರ್ಥ ಸಂಸ್ಥೆಗಳು, ಸರ್ಕಾರದ ಸಾರ್ವಭೌಮ ಕಾರ್ಯಗಳು, ಮನೆಗೆಲಸ ಮುಂತಾದವನ್ನು ಹೊರಗಿಟ್ಟಿತು. ಜೊತೆಗೆ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಇನ್ನಷ್ಟನ್ನು ಹೊರಗಿಡುವ ಅಧಿಕಾರವನ್ನೂ ಪಡೆಯಿತು. ಒಂದು ಪದದ ಅರ್ಥ ಹೇಳುವ ಅಧಿಕಾರ ಸಂಸತ್ತಿನಿಂದ ಕೋರ್ಟಿಗೆ, ಕೋರ್ಟಿನಿಂದ ಸಂಸತ್ತಿಗೆ, ಅಲ್ಲಿಂದ ಕಾರ್ಯಾಂಗಕ್ಕೆ ಹೋದ ದಾರಿ ಇದು. ದಾರಿಯ ಪ್ರತಿ ತಿರುವಿನಲ್ಲೂ ನೌಕರರ ಕೆಲಸ, ಸಂಬಳದ ಭದ್ರತೆ ಏರುಪೇರಾಗಿದೆ.

ತಪ್ಪು ಕಲ್ಪನೆ 3: ಅರ್ಥ ಬದಲಾಯಿತೆಂದರೆ ನ್ಯಾಯಾಧೀಶರು ಮನಬಂದಂತೆ ತೀರ್ಪು ಕೊಟ್ಟರು ಎಂದೇ ಅರ್ಥ.

ವಾಸ್ತವ: ಸಂವಿಧಾನದ 21ನೇ ವಿಧಿ ನೋಡಿ. "ಕಾನೂನು ನಿಗದಿಪಡಿಸಿದ ಪ್ರಕ್ರಿಯೆ"ಯ ಮೂಲಕವಲ್ಲದೆ ಯಾರ ಪ್ರಾಣವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ ಎಂದು ಅದು ಹೇಳುತ್ತದೆ. ಈ ಪದಗಳನ್ನು ತೂಗಿ ನೋಡಿಯೇ ಆರಿಸಲಾಗಿತ್ತು. ಅಮೆರಿಕದ ಸಂವಿಧಾನದಲ್ಲಿರುವ ಹೆಚ್ಚು ಚಾಚಿಕೊಂಡ ಪದಗುಚ್ಛ ನಮ್ಮ ಕರಡಿನಲ್ಲೂ ಮೊದಲು ಇತ್ತು. ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಚುನಾಯಿತ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯಲು ಆ ಪದಗಳು ದಾರಿ ಮಾಡುತ್ತವೆ ಎಂಬ ಎಚ್ಚರಿಕೆ ಅಲ್ಲಿ ಸಿಕ್ಕಿತು. ಕರಡು ಬದಲಾಯಿತು.

1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಕೋರ್ಟಿನ ಬಹುಮತ ಈ ಪದಗಳನ್ನು ಅಕ್ಷರಶಃ ಓದಿತು. ಕಾನೂನು ಇದೆ, ಅದರಲ್ಲಿ ಪ್ರಕ್ರಿಯೆ ಇದೆ, ಅಷ್ಟು ಸಾಕು ಎಂದಿತು. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ ಒಪ್ಪಲಿಲ್ಲ. 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ ಏಳು ಮಂದಿಯ ಪೀಠ ಆ ಪ್ರಕ್ರಿಯೆ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದಿತು. ಸಂವಿಧಾನದ ಒಂದಕ್ಷರವೂ ಬದಲಾಗದೆ ಅದರ ವ್ಯಾಪ್ತಿ ಬದಲಾಯಿತು.

ಇದನ್ನು ಮನಬಂದಂತೆ ಮಾಡಿದ್ದು ಎನ್ನುವುದು ಸುಲಭ. ಆದರೆ ನಡುವಿನ ಇಪ್ಪತ್ತೆಂಟು ವರ್ಷಗಳಲ್ಲಿ ದೇಶ ತುರ್ತು ಪರಿಸ್ಥಿತಿಯನ್ನು ಕಂಡಿತ್ತು. 1976ರಲ್ಲಿ ಜಬಲ್ಪುರ ಪ್ರಕರಣದಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಅಕ್ರಮ ಬಂಧನವನ್ನು ಪ್ರಶ್ನಿಸಿ ಯಾರೂ ಕೋರ್ಟಿಗೆ ಬರುವಂತಿಲ್ಲ ಎಂದಿದ್ದರು. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಪದಗಳನ್ನು ಅಧಿಕಾರಕ್ಕೆ ಒಪ್ಪುವಂತೆ ಓದಿದರೆ ಏನಾಗುತ್ತದೆ ಎಂಬುದನ್ನು ಅನುಭವ ಕಲಿಸಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದಾಗ ಖನ್ನಾ ಅವರ ಭಿನ್ನಮತಕ್ಕೆ ಮನ್ನಣೆ ಸಿಕ್ಕಿ, 1976ರ ತೀರ್ಪು ರದ್ದಾಯಿತು. ಖಾಸಗಿತನದ ಪ್ರಕರಣದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರ ಬಹುಮತದಲ್ಲಿ ವೈ.ವಿ. ಚಂದ್ರಚೂಡ್ ಇದ್ದರು, ಅದನ್ನು ತಳ್ಳಿಹಾಕಿದ ಪ್ರಮುಖ ತೀರ್ಪನ್ನು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಒಬ್ಬ ನ್ಯಾಯಮೂರ್ತಿ ಕಾರಣಸಹಿತ ಬರೆದಿಟ್ಟ ಭಿನ್ನಮತ ಸೋತ ದಿನವೇ ಸಾಯುವುದಿಲ್ಲ. ಮನಬಂದಂತೆ ಹೇಳಿದ ಮಾತಿಗೆ ಈ ಆಯುಷ್ಯ ಇರುವುದಿಲ್ಲ.

ತಪ್ಪು ಕಲ್ಪನೆ 4: ಅರ್ಥ ಹೇಳುವ ಅಧಿಕಾರ ಯಾರದೆಂಬುದಾದರೂ ಖಚಿತವಾಗಿದೆ.

ವಾಸ್ತವ: ಅದೇ ಅತ್ಯಂತ ದೊಡ್ಡ ವಿವಾದ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ರಾಷ್ಟ್ರಪತಿ ನೇಮಿಸಬೇಕು, ಮುಖ್ಯ ನ್ಯಾಯಮೂರ್ತಿಗಳೊಂದಿಗೆ "ಸಮಾಲೋಚನೆ" ನಡೆಸಬೇಕು ಎಂದು 124ನೇ ವಿಧಿ ಹೇಳಿತು. ಸಮಾಲೋಚನೆ ಎಂದರೆ ಕೇಳಿ ಬಿಡುವುದೇ, ಕೇಳಿದಂತೆ ನಡೆಯುವುದೇ? 1981ರಲ್ಲಿ ಕೋರ್ಟ್ ಸಮಾಲೋಚನೆಯೆಂದರೆ ಸಮ್ಮತಿಯಲ್ಲ, ಕೊನೆಯ ಮಾತು ಸರ್ಕಾರದ್ದು ಎಂದಿತು. 1993ರಲ್ಲಿ ಒಂಬತ್ತು ಮಂದಿಯ ಪೀಠ ಅದನ್ನು ತಿರುಗಿಸಿ, ನ್ಯಾಯಾಂಗದ ಅಭಿಪ್ರಾಯಕ್ಕೇ ಪ್ರಾಶಸ್ತ್ಯ ಎಂದಿತು. ಸಂವಿಧಾನದಲ್ಲಿ ಹೆಸರೇ ಇಲ್ಲದ ಕೊಲಿಜಿಯಂ, ಅಂದರೆ ನೇಮಕಕ್ಕೆ ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಕೂಟ, ಹೀಗೆ ಹುಟ್ಟಿತು, 1998ರಲ್ಲಿ ವಿಸ್ತಾರವಾಯಿತು. ಸಂಸತ್ತು ಸಂವಿಧಾನಕ್ಕೆ 99ನೇ ತಿದ್ದುಪಡಿ ತಂದು ನೇಮಕಾತಿ ಆಯೋಗ ರಚಿಸಿದಾಗ, 2015ರ ಅಕ್ಟೋಬರ್ 16ರಂದು ಕೋರ್ಟ್ 4–1ರ ಬಹುಮತದಿಂದ ಅದನ್ನೂ ರದ್ದುಪಡಿಸಿತು.

ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿ ಕಡ್ಡಾಯವಾಗಬೇಕೆಂಬ ಸಲಹೆ 1949ರಲ್ಲೇ ಸಂವಿಧಾನ ಸಭೆಯ ಮುಂದೆ ಬಂದಿತ್ತು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಗಳೂ ಮನುಷ್ಯರೇ, ಅವರೊಬ್ಬರ ಕೈಗೆ ಅಂಥ ವೀಟೊ ಅಧಿಕಾರ ಕೊಡುವುದು ಅಪಾಯಕಾರಿ ಎಂದಿದ್ದರು. ಹಾಗೆಯೇ ನೇಮಕವನ್ನು ಸರ್ಕಾರದ ಕೈಗೆ ಪೂರ್ತಿ ಬಿಡುವುದೂ ಅವರಿಗೆ ಸಮ್ಮತವಿರಲಿಲ್ಲ. ಸರ್ಕಾರದ ಹಿಡಿತದಿಂದ ನ್ಯಾಯಾಂಗವನ್ನು ಕಾಪಾಡಲು 1993ರ ತೀರ್ಪು ಅಗತ್ಯವಾಗಿತ್ತು ಎಂಬ ವಾದದಲ್ಲಿ ತುರ್ತು ಪರಿಸ್ಥಿತಿಯ ನೆನಪಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಇಲ್ಲಿ ಕೋರ್ಟ್ ತನ್ನದೇ ಅಧಿಕಾರದ ಗಡಿಯನ್ನು ತಾನೇ ಎಳೆದುಕೊಂಡಿತು. ಅಂಥ ಸಂದರ್ಭದಲ್ಲಿ ಕಾರಣ ಕೊಡುವ ಹೊಣೆ ಉಳಿದೆಲ್ಲ ಪ್ರಕರಣಗಳಿಗಿಂತ ಹೆಚ್ಚು. ನೇಮಕಾತಿಯ ಒಳಗಿನ ಚರ್ಚೆ ಹೊರಗೆ ಕಾಣದಿರುವಷ್ಟು ಕಾಲ ಆ ಹೊಣೆ ಪೂರ್ತಿ ತೀರುವುದಿಲ್ಲ.

ತಪ್ಪು ಕಲ್ಪನೆ 5: ಉನ್ನತ ಹುದ್ದೆಯಲ್ಲಿರುವವರಿಗೆ "ಮನವರಿಕೆಯಾಗಿದೆ" ಎಂದರೆ ಪ್ರಶ್ನಿಸುವಂತಿಲ್ಲ.

ವಾಸ್ತವ: ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಯುವುದು ಸಾಧ್ಯವಿಲ್ಲವೆಂದು ರಾಷ್ಟ್ರಪತಿಗೆ ಮನವರಿಕೆಯಾದರೆ 356ನೇ ವಿಧಿಯಡಿ ರಾಷ್ಟ್ರಪತಿ ಆಡಳಿತ ಹೇರಬಹುದು. 1975ರ 38ನೇ ತಿದ್ದುಪಡಿ ಈ ಮನವರಿಕೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದಿತ್ತು. 44ನೇ ತಿದ್ದುಪಡಿ ಆ ಮಾತನ್ನು ಕಿತ್ತುಹಾಕಿತು.

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರಕ್ಕೆ ಬೆಂಬಲ ಹಿಂತೆಗೆದಿದ್ದೇವೆ ಎಂಬ ಶಾಸಕರ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಅವರಲ್ಲಿ ಕೆಲವರು ಮರಳಿ ಬೆಂಬಲ ಸೂಚಿಸಿದರು. ಸದನದಲ್ಲೇ ಬಹುಮತ ಸಾಬೀತುಪಡಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗದೆ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಕರ್ನಾಟಕ ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ಮಂದಿಯ ಪೀಠ ಬೇರೆ ಹೇಳಿತು. ಮನವರಿಕೆಗೆ ಆಧಾರ ಇರಬೇಕು, ಆ ಆಧಾರವನ್ನು ಕೋರ್ಟ್ ಪರಿಶೀಲಿಸಬಹುದು. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಲ್ಲ, ವಿಧಾನಸಭೆಯಲ್ಲಿ ತೀರ್ಮಾನವಾಗಬೇಕು ಎಂದಿತು. ಬೊಮ್ಮಾಯಿ ಅವರಿಗೆ ಅಧಿಕಾರ ಮರಳಿ ಬರಲಿಲ್ಲ, ಅಷ್ಟರಲ್ಲಿ ಹೊಸ ಚುನಾವಣೆಯೇ ನಡೆದುಹೋಗಿತ್ತು. ಆದರೆ ಅವರ ಹೆಸರಿನ ತೀರ್ಪು ಅನಂತರದ ಎಷ್ಟೋ ರಾಜ್ಯ ಸರ್ಕಾರಗಳಿಗೆ ರಕ್ಷೆಯಾಗಿದೆ. ಸದನದಲ್ಲಿ ಬಹುಮತ ಪರೀಕ್ಷೆಯಾಗಲಿ ಎಂಬ ಮಾತು ಈಗ ಎಲ್ಲ ಪಕ್ಷಗಳ ಬಾಯಲ್ಲೂ ಬರುತ್ತದೆ.

ತಪ್ಪು ಕಲ್ಪನೆ 6: ಪದ ಸ್ವಲ್ಪ ಸಡಿಲವಿದ್ದರೆ ನಷ್ಟವೇನಿಲ್ಲ, ಕೊನೆಗೆ ಕೋರ್ಟ್ ಸರಿಪಡಿಸುತ್ತದೆ.

ವಾಸ್ತವ: ಕೋರ್ಟ್ ಸರಿಪಡಿಸುವಷ್ಟರಲ್ಲಿ ಜನ ಜೈಲು ಕಂಡಿರುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿಸಿದ 66ಎ ಕಲಮಿನಲ್ಲಿ "ತೀವ್ರ ಆಕ್ಷೇಪಾರ್ಹ", "ಕಿರಿಕಿರಿ", "ಅನನುಕೂಲ" ಎಂಬಂಥ ಪದಗಳಿದ್ದವು. ಶಿಕ್ಷೆ ಮೂರು ವರ್ಷದವರೆಗೆ. ಒಬ್ಬರಿಗೆ ಸಹಜವೆನಿಸುವ ಮಾತು ಇನ್ನೊಬ್ಬರಿಗೆ ಕಿರಿಕಿರಿ. ಯಾವುದು ಅಪರಾಧ ಎಂಬುದನ್ನು ಶಾಸನಸಭೆ ಹೇಳದೆ ಬಿಟ್ಟಾಗ ಆ ಕೆಲಸ ಪೊಲೀಸ್ ಠಾಣೆಗೆ ಬಂತು. 2012ರಲ್ಲಿ ಮುಂಬೈ ಬಂದ್ ಕುರಿತ ಒಂದು ಫೇಸ್‌ಬುಕ್ ಬರಹ ಮತ್ತು ಅದಕ್ಕೆ ಸಿಕ್ಕ ಒಂದು ಲೈಕ್‌ಗಾಗಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರ ಬಂಧನವಾಯಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಈ ಕಲಮನ್ನು ಪೂರ್ತಿಯಾಗಿ ರದ್ದುಪಡಿಸಿತು.

ಮುಂದಿನದು ಇನ್ನೂ ಕಳವಳಕಾರಿ. ಸತ್ತ ಕಲಮಿನಡಿ ಹಲವು ರಾಜ್ಯಗಳಲ್ಲಿ ಪ್ರಕರಣ ದಾಖಲಾಗುತ್ತಲೇ ಹೋದವು. ತೀರ್ಪಿನ ಪ್ರತಿಯನ್ನು ಎಲ್ಲ ರಾಜ್ಯಗಳಿಗೆ ಮುಟ್ಟಿಸಿ ಎಂದು 2019ರಲ್ಲಿ, ಈ ಕಲಮಿನಡಿ ಯಾರ ಮೇಲೂ ಮೊಕದ್ದಮೆ ಹೂಡಬಾರದು ಎಂದು 2022ರಲ್ಲಿ ಕೋರ್ಟ್ ಮತ್ತೆ ಮತ್ತೆ ಹೇಳಬೇಕಾಯಿತು. ದೆಹಲಿಯಲ್ಲಿ ರದ್ದಾದ ಕಲಂ ಠಾಣೆಯ ಕಡತದಲ್ಲಿ ಬದುಕಿತ್ತು. ಸಾಮಾನ್ಯ ಮನುಷ್ಯನಿಗೆ ಕಾನೂನೆಂದರೆ ಬಾಗಿಲು ತಟ್ಟಿದ ಪೇದೆ ಹೇಳಿದ್ದು. ಆದ್ದರಿಂದ ಶಿಕ್ಷೆ ವಿಧಿಸುವ ಕಾಯ್ದೆಯಲ್ಲಿ ಸಡಿಲ ಪದ ಕಂಡರೆ ಅದು ಮಸೂದೆಯಾಗಿರುವಾಗಲೇ ಆಕ್ಷೇಪಿಸಬೇಕು.

ತಪ್ಪು ಕಲ್ಪನೆ 7: ನಮ್ಮ ಭಾಷೆಯಲ್ಲಿ ಕಾಯ್ದೆ ಅಚ್ಚಾಗಿದ್ದರೆ ಅದೇ ಅಂತಿಮ ಪಠ್ಯ.

ವಾಸ್ತವ: ಸಂವಿಧಾನದ 348ನೇ ವಿಧಿಯಂತೆ, ಸಂಸತ್ತು ಬೇರೆ ವ್ಯವಸ್ಥೆ ಮಾಡುವವರೆಗೆ ಕಾಯ್ದೆಗಳ ಅಧಿಕೃತ ಪಠ್ಯ ಇಂಗ್ಲಿಷಿನದು. ರಾಜ್ಯವು ತನ್ನ ಭಾಷೆಯಲ್ಲಿ ಕಾಯ್ದೆ ಮಾಡಿದರೂ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾಗಬೇಕು, ಇಂಗ್ಲಿಷಿನ ಮಟ್ಟಿಗೆ ಅದೇ ಅಧಿಕೃತ.

ಇದರ ಪರಿಣಾಮ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಬಿಹಾರದ ಉದಾಹರಣೆ ಇದೆ. ಪರಿಶಿಷ್ಟ ಪಂಗಡಗಳ ಪಟ್ಟಿಯ ಇಂಗ್ಲಿಷ್ ಪಠ್ಯದಲ್ಲಿ "ಲೋಹಾರಾ" ಎಂದಿದ್ದದ್ದು ಹಿಂದಿ ಅನುವಾದದಲ್ಲಿ "ಲೋಹಾರ್" ಆಯಿತು. ಲೋಹಾರ್ ಸಮುದಾಯದವರು ಆ ಪಠ್ಯದ ಆಧಾರದಲ್ಲಿ ಪಂಗಡದ ಸ್ಥಾನ ಕೇಳಿದರು. 1996ರಲ್ಲಿ ಸುಪ್ರೀಂ ಕೋರ್ಟ್ ಇಂಗ್ಲಿಷ್ ಪಠ್ಯವೇ ಪ್ರಮಾಣ ಎಂದಿತು. ಆದರೂ 2016ರಲ್ಲಿ ಬಿಹಾರ ಸರ್ಕಾರ ಅವರಿಗೆ ಪಂಗಡದ ಪ್ರಮಾಣಪತ್ರ ಕೊಡಲು ಅಧಿಸೂಚನೆ ಹೊರಡಿಸಿತು, 2022ರಲ್ಲಿ ಕೋರ್ಟ್ ಅದನ್ನು ರದ್ದುಪಡಿಸಿತು. ಒಂದು ದೀರ್ಘ ಸ್ವರದ ಮೇಲೆ ಒಂದು ಸಮುದಾಯದ ಎಷ್ಟೋ ವರ್ಷಗಳ ನಿರೀಕ್ಷೆ ನಿಂತಿತ್ತು.

ಕನ್ನಡದಲ್ಲಿ ಕಾನೂನು ಓದಬಾರದು ಎಂದು ಇದರ ಅರ್ಥವಲ್ಲ. ಕಾಯ್ದೆಗಳ ಕನ್ನಡ ಪಠ್ಯ ತಯಾರಿಸುವವರ ಕೆಲಸಕ್ಕೆ ಈಗಿರುವುದಕ್ಕಿಂತ ಹೆಚ್ಚಿನ ಗಮನ, ಪರಿಣತಿ, ಗೌರವ ಸಿಗಬೇಕು ಎಂದು ಅರ್ಥ. ಜನರಿಗೆ ಓದಲು ಬಾರದ ಭಾಷೆಯಲ್ಲಿ ಮಾತ್ರ ಕಾನೂನು ಖಚಿತವಾಗಿದ್ದರೆ, ಅದಕ್ಕೆ ಅರ್ಥ ಹೇಳುವ ಅಧಿಕಾರವೆಲ್ಲ ಆ ಭಾಷೆ ಬಲ್ಲವರ ಪಾಲಾಗುತ್ತದೆ.

ಓದುಗರು ಮಾಡಬಹುದಾದದ್ದು

ಈ ಏಳೂ ಪ್ರಸಂಗಗಳಲ್ಲಿ ಪದ ತಾನಾಗಿ ಯಾರನ್ನೂ ಕಾಪಾಡಲಿಲ್ಲ. ಜಲಮಂಡಳಿಯ ನೌಕರರು, ಪದಚ್ಯುತ ಮುಖ್ಯಮಂತ್ರಿ, ನಿವೃತ್ತ ನ್ಯಾಯಮೂರ್ತಿ ಎಲ್ಲರೂ ತಮಗೆ ಹೇಳಿದ ಅರ್ಥಕ್ಕೆ ಕಾರಣ ಕೇಳಿದವರು. ಅವರು ಕೇಳಿದ್ದರಿಂದಲೇ ಆ ಪದಗಳಿಗೆ ಇಂದಿನ ಅರ್ಥ ಬಂದಿದೆ.

ಹಾಗಾಗಿ ಯಾರಾದರೂ ನಿಮ್ಮ ಮುಂದೆ "ಕಾನೂನು ಹೀಗೇ ಹೇಳುತ್ತದೆ" ಎಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಕಾಯ್ದೆ, ಯಾವ ಕಲಂ? ಅದು ಇವತ್ತು ಜಾರಿಯಲ್ಲಿದೆಯೇ? ಆ ಪದಕ್ಕೆ ಅಲ್ಲಿ ಕೊಟ್ಟ ವ್ಯಾಖ್ಯೆ ಏನು, ಅದನ್ನು ಕೋರ್ಟ್ ಹೇಗೆ ಓದಿದೆ? ನೀವು ಹೇಳುತ್ತಿರುವುದನ್ನು ಕಾರಣಸಹಿತ ಬರೆದು ಕೊಡುತ್ತೀರಾ? ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿ ಸಿಗುತ್ತವೆ. ಸುಪ್ರೀಂ ಕೋರ್ಟ್ 2019ರಿಂದ ಆಯ್ದ ತೀರ್ಪುಗಳ ಕನ್ನಡ ಅನುವಾದ ಪ್ರಕಟಿಸುತ್ತಿದೆ. ಓದಿ, ಜೊತೆಗಿದ್ದವರಿಗೂ ಓದಿ ಹೇಳಿ. ಕಾರಣ ಕೇಳುವ ಅಭ್ಯಾಸವನ್ನು ಜನ ಬಿಟ್ಟುಕೊಟ್ಟರೆ, ಕಾನೂನಿನ ಅರ್ಥ ಅಧಿಕಾರದಲ್ಲಿರುವವರ ಮರ್ಜಿಯಾಗಿಬಿಡುತ್ತದೆ. ದಯವಿಟ್ಟು ಅದನ್ನು ಬಿಟ್ಟುಕೊಡಬೇಡಿ.